ಹೆಳವನ ಹೊತ್ತಿಗೆಯಲ್ಲಿ ಇಲ್ಲದ ಹೆಸರುಗಳು

"ಮೇಡಂ, ಸತ್ತ ಮಕ್ಕಳ ಹೆಸರು ಕೇಳುತ್ತ ಮನೆ ಮನೆ ಅಲೆಯುವುದು ಯಾತಕ್ಕೆ?" ಎಂದು ಪ್ರಫುಲ್ಲಾ ಕೇಳಿದಳು.

ವಂಶದಲ್ಲಿ ಇಳಿದು ಬರುವ ರೋಗಗಳನ್ನು ಅಭ್ಯಸಿಸುವ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಅದು ನಾಲ್ಕನೆಯ ವರ್ಷ. ಅಂದು ಬೆಳಿಗ್ಗೆ ಒಬ್ಬ ತಾಯಿ, "ನನ್ನ ಕರುಳು ಕೆದಕೋಕೆ ಬಂದೆಯೇನೇ?" ಎಂದು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಿದ್ದಳು. ರಕ್ತದ ಮಾದರಿ ತರಬೇಕಿದ್ದ ಪೆಟ್ಟಿಗೆ ಬರಿದಾಗಿಯೇ ಹಿಂದಿರುಗಿತ್ತು.

"ಈ ರೋಗಕ್ಕೆ ಮದ್ದಂತೂ ಇಲ್ಲ. ನಾನು ಕೆಲಸ ಬಿಡುತ್ತೇನೆ."

ಗುರು ಜಯಶೀಲಮ್ಮನವರು ಅವಳನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ಒಕ್ಕಲಗಿತ್ತಿ ಇದ್ದಳು. ಮದುವೆಯಾದದ್ದು ಸೋದರಮಾವನನ್ನು. ಅವಳ ಇಬ್ಬರು ಗಂಡುಮಕ್ಕಳು ಕಾಲಿನ ಬಲ ಸೋತು, ಐದು ತುಂಬುವ ಮೊದಲೇ ತೀರಿಕೊಂಡರು. ಉಳಿದವಳು ಒಬ್ಬಳೇ ಮಗಳು. ಅವಳನ್ನೂ ತನ್ನ ತಮ್ಮನಿಗೇ ಕೊಡುವುದೆಂದು ಮಾತಾಗಿತ್ತು.

ಸುಗ್ಗಿ ಮುಗಿದ ಮೇಲೆ, ಮನೆ ಮನೆಯ ವಂಶಾವಳಿ ಬರೆದಿಟ್ಟು ಹಾಡುವ ಹೆಳವ ಬಂದ. ಎತ್ತಿನ ಮೇಲಿಂದ ಹೊತ್ತಿಗೆ ಇಳಿಸಿ, ಮನೆತನದ ಏಳು ತಲೆಮಾರಿನ ಹೆಸರು ಓದಿದ.

"ನನ್ನ ಗಂಡುಮಕ್ಕಳ ಹೆಸರೆಲ್ಲಿ?" ಎಂದಳು.

"ವಂಶ ಬೆಳೆಸಿದವರಿಗೆ ಮಾತ್ರ ಇದರಲ್ಲಿ ಜಾಗ, ತಾಯಿ. ಎಳೆಯವು ಹೋದದ್ದನ್ನು ಹೊಸ್ತಿಲಲ್ಲಿ ನಿಂತು ನುಡಿದರೆ ನನ್ನ ನಾಲಗೆಗೆ ಹುಳ ಬಿದ್ದೀತು."

"ಬೀಳಲಿ. ನಿನಗೆ ಕೊಡುವ ಜೋಳದ ಮೊರ ಇಲ್ಲೇ ಇದೆ. ಮೊದಲು ಬರೆ."

ಹೆಳವ ಬರೆದ. ಅವಳು ಅಷ್ಟಕ್ಕೆ ಬಿಡಲಿಲ್ಲ. ಹೀಗೇ ಕಾಲು ಸೋತು ಸತ್ತ ಮಕ್ಕಳ ಹೆಸರು ಕೇಳುತ್ತ ಅವನ ಎತ್ತಿನ ಹಿಂದೆ ನೆಂಟರ ಊರುಗಳಿಗೆಲ್ಲ ನಡೆದಳು. ಒಂದು ಮನೆಯವರು ಕಲಗಚ್ಚು ಎರಚಿದರು. ಮಾರನೆಯ ದಿನ ಸೀರೆ ಒಗೆದು ಉಟ್ಟು ಅದೇ ಬಾಗಿಲಿಗೆ ಹೋದಳು. ಮುದುಕಿಯರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಹೆಸರುಗಳು ಹತ್ತೊಂಬತ್ತಾದವು. ಊರು ಅದನ್ನು ಮನೆದೇವರ ಶಾಪ ಎನ್ನುತ್ತಿತ್ತು. ಆದರೆ ಹತ್ತೊಂಬತ್ತೂ ಒಳಗೊಳಗೇ ಹೆಣ್ಣು ಕೊಟ್ಟು ತಂದ ಮನೆಗಳವು. ಹೊರಗಿನಿಂದ ಸೊಸೆ ತಂದ ಮನೆಯಲ್ಲಿ ಒಂದೂ ಇರಲಿಲ್ಲ.

ಅವಳು ಮಗಳ ಮದುವೆ ಮುರಿದಳು. ತಮ್ಮ ಅವಳೊಡನೆ ಮಾತು ಬಿಟ್ಟ. ಮಗಳನ್ನು ನೆಂಟಸ್ತನವೇ ಇಲ್ಲದ ದೂರದ ಮನೆಗೆ ಕೊಟ್ಟಳು. ಆ ಮಗಳ ಮೂವರು ಮಕ್ಕಳೂ ಬುತ್ತಿ ಹೊತ್ತು ಹೊಲಕ್ಕೆ ನಡೆದರು.

ಪ್ರಫುಲ್ಲಾ ಸೋಲಲಿಲ್ಲ. "ಆದರೂ ಅವಳಿಗೆ ಮದ್ದು ಸಿಗಲಿಲ್ಲವಲ್ಲ, ಮೇಡಂ."

ಗುರುಗಳು ಬರಿದಾದ ಪೆಟ್ಟಿಗೆಯನ್ನು ಅವಳ ಕಡೆಗೆ ಸರಿಸಿದರು.

"ಬಾಗಿಲು ಹಾಕಿಕೊಂಡ ಆ ತಾಯಿಗೆ ಮದುವೆ ಮಾಡಬೇಕಾದ ಮಗಳೊಬ್ಬಳು ಉಳಿದಿದ್ದಾಳೆಯೇ?"

ಅದನ್ನು ಪ್ರಫುಲ್ಲಾ ಕೇಳಿಯೇ ಇರಲಿಲ್ಲ.