ಕೆಳಗಿನ ಕಲ್ಲಿನ ಕೂಗು

"ಬುದ್ಧೀ, ನೋವನ್ನಾದರೂ ತಡೆದುಕೊಂಡೇನು. ನೋವಿಲ್ಲದವರನ್ನು ನೋಡಿ ತಡೆದುಕೊಳ್ಳಲಾರೆ. ಇದಕ್ಕೇನು ಮಾಡಲಿ?"

ಹೀಗೆ ಕೇಳಿದವನು ಮರುಳಸಿದ್ಧ, ಮಠದ ಶಿಷ್ಯ. ಹಿಂದೊಮ್ಮೆ ಉಗ್ರಾಣದ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಆಸ್ಪತ್ರೆಯವರು ಮೂಳೆ ಕೂಡಿಸಿ, ನೋವಿಗೆ ಬಲವಾದ ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ನುಂಗುತ್ತಿದ್ದಷ್ಟು ಕಾಲ ತನಗೊಂದು ಬೆನ್ನಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಆಮೇಲೆ ಮಾತ್ರೆಯೇ ಇವನನ್ನು ಹಿಡಿದುಕೊಳ್ಳುತ್ತಿದೆ ಎಂದು ಡಾಕ್ಟರಿಗೆ ಕಂಡಿತು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಈಗ ಮಾತ್ರೆ ಅರ್ಧಕ್ಕೆ ಇಳಿದಿತ್ತು, ನೋವು ಪೂರ್ತಿ ಮರಳಿತ್ತು.

ಬೆಳಗಿನ ಪೂಜೆ ಮುಗಿದಿತ್ತು. ದಾಸೋಹದ ಗಂಟೆ ಹೊಡೆದು ಎಲ್ಲರೂ ಊಟಕ್ಕೆ ಎದ್ದುಹೋಗಿದ್ದರು. ಗುರುಗಳು ಮಾತ್ರ ತಮ್ಮ ಮಣೆಯ ಮೇಲೆ ಕದಲದೆ ಕೂತಿದ್ದರು.

"ಯಾರನ್ನು ನೋಡಿದರೆ ಹಾಗಾಗುತ್ತದೆ?" ಎಂದು ಕೇಳಿದರು.

"ಎಲ್ಲರನ್ನೂ, ಬುದ್ಧಿ. ಗೊರಕೆ ಹೊಡೆಯುವವನನ್ನು ಕಂಡರೆ ಒದ್ದು ಎಬ್ಬಿಸೋಣ ಅನ್ನಿಸುತ್ತದೆ. ಬಗ್ಗಿ ಕಸ ಗುಡಿಸುವವಳನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ." ಮರುಳಸಿದ್ಧ ತಲೆ ತಗ್ಗಿಸಿದ. "ಸುಳ್ಳೇಕೆ ಹೇಳಲಿ, ನಿಮ್ಮನ್ನು ಕಂಡರೂ ಅಷ್ಟೇ. ಎಲ್ಲರೂ ಎದ್ದುಹೋದ ಮೇಲೂ ನೀವು ಬಂಡೆಯ ಹಾಗೆ ಕೂತಿರುತ್ತೀರಿ. ನನಗೆ ಒಂದು ಮಂಗಳಾರತಿ ಮುಗಿಯುವಷ್ಟು ಹೊತ್ತೂ ಕೂರಲಾಗುವುದಿಲ್ಲ. ಹೊಟ್ಟೆಕಿಚ್ಚು ತಾಳಲಾರೆ, ಬುದ್ಧಿ."

ಗುರುಗಳು ನಕ್ಕರು. "ಸದ್ಯ, ನಾಲಿಗೆಗೆ ಏಟು ಬಿದ್ದಿಲ್ಲ. ಕೂರಲಾಗದಿದ್ದರೆ ಆ ಕಂಬಕ್ಕೆ ಒರಗಿ ನಿಂತುಕೋ. ಒಂದು ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದೂರಿನ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳು ಎರಡಿದ್ದವು. ಮೇಲಿನ ಕಲ್ಲು ಒಬ್ಬ ಮಡಿವಾಳನದು, ಕೆಳಗಿನ ಕಲ್ಲು ಇನ್ನೊಬ್ಬನದು. ಮೇಲಿನವನು ಏರಿಯ ಕಡೆ ಮುಖ ಮಾಡಿ ಒಗೆಯುವನು, ಕೆಳಗಿನವನು ನೀರಿನ ಕಡೆ. ಹಾಗಾಗಿ ಒಗೆಯುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹಿಂಡುವಾಗ. ಜಮಖಾನ, ಕಂಬಳಿಯಂಥ ಭಾರದ ಬಟ್ಟೆಯನ್ನು ಒಬ್ಬನೇ ಹಿಂಡುವುದು ಕಷ್ಟ. ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದು ಎದುರುಬದುರು ನಿಂತು ತಿರುಚಬೇಕು. ಇಬ್ಬರೂ ಅಣ್ಣಾ, ತಮ್ಮಾ ಎಂದುಕೊಂಡು ವರ್ಷಾನುಗಟ್ಟಲೆ ಹಾಗೆ ಹಿಂಡಿದ್ದರು.

ಒಂದು ದಿನ ಮದುವೆ ಮನೆಯ ಒದ್ದೆ ಜಮಖಾನವನ್ನು ಇಬ್ಬರೂ ಹೆಗಲ ಮೇಲೆ ಹೊತ್ತು ಕೆರೆಯ ಮೆಟ್ಟಿಲು ಹತ್ತುತ್ತಿದ್ದರು. ಮುಂದಿನವನು ಪಾಚಿಯ ಮೇಲೆ ಕಾಲಿಟ್ಟ. ಇಬ್ಬರೂ ಒಟ್ಟಿಗೇ ಉರುಳಿದರು. ಇಬ್ಬರ ಸೊಂಟವೂ ಒಟ್ಟಿಗೇ ಹೋಯಿತು.

ಊರಿನ ಪಂಡಿತ ಪಟ್ಟು ಹಾಕಿದ, ಎಣ್ಣೆ ಉಜ್ಜಿದ, ಅಫೀಮು ಸೇರಿಸಿ ಅರೆದ ಗುಳಿಗೆ ಕೊಟ್ಟ. ಗುಳಿಗೆ ಎಂದರೆ ಗುಳಿಗೆ! ನುಂಗಿ ಸ್ವಲ್ಪ ಹೊತ್ತಿಗೆ ನೋವು ಎಲ್ಲೋ ದೂರದ ಊರಿಗೆ ಹೋಗಿಬಿಡುತ್ತಿತ್ತು. ಇಬ್ಬರೂ ಮತ್ತೆ ಕೆರೆಗೆ ಇಳಿದರು. ಆದರೆ ಬರಬರುತ್ತ ಕಲ್ಲಿನ ಮೇಲೇ ತೂಕಡಿಸತೊಡಗಿದರು. ಗುಳಿಗೆ ಸ್ವಲ್ಪ ತಡವಾದರೆ ಕೈ ನಡುಗುವುದು, ಮೂಗು ಸೋರುವುದು. ಮೇಲಿನ ಕಲ್ಲಿನವನು ಒಮ್ಮೆ ನೆಂಟರ ಊರಿಗೆ ಹೋದಾಗ ಗುಳಿಗೆ ಮರೆತುಹೋಗಿ, ಇರುಳೆಲ್ಲ ಬೆವರಿ, ವಾಂತಿ ಮಾಡಿಕೊಂಡು, ಸತ್ತೇಹೋದೆ ಎಂದುಕೊಂಡಿದ್ದ.

ಪಂಡಿತ ಇಬ್ಬರನ್ನೂ ಕರೆದು ಹೇಳಿದ. "ಇದನ್ನು ಇನ್ನು ಇಳಿಸುತ್ತ ಹೋಗಬೇಕು. ಒಮ್ಮೆಗೇ ಬಿಟ್ಟರೆ ಮೈ ತಡೆಯದು, ಅದಕ್ಕೇ ನಿಧಾನ. ನೋವು ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಉಳಿದದ್ದನ್ನು ಜೊತೆಗಿಟ್ಟುಕೊಂಡೇ ಬದುಕಬೇಕು. ತೀರಾ ತಡೆಯಲಾಗದಿದ್ದರೆ ಬಂದು ಹೇಳಿ, ಇನ್ನಷ್ಟು ನಿಧಾನ ಮಾಡೋಣ."

ಗುಳಿಗೆ ಚಿಕ್ಕದಾಗುತ್ತ ಬಂತು. ಮೇಲಿನ ಕಲ್ಲಿನವನಿಗೆ ಸೊಂಟದಲ್ಲಿ ಯಾರೋ ಗೂಟ ಹೊಡೆದಂತಾಗುತ್ತಿತ್ತು. ಬಗ್ಗಿದರೆ ನೋವು, ನಿಂತರೆ ನೋವು, ಮಲಗಿದರೆ ಇನ್ನೂ ನೋವು. ಅವನು ಹಲ್ಲು ಕಚ್ಚಿಕೊಂಡು, ಪಿಟ್ಟೆನ್ನದೆ ಬಟ್ಟೆ ಬಡಿಯುತ್ತಿದ್ದ. ಅವನ ಬೆನ್ನ ಹಿಂದೆ, ಕೆಳಗಿನ ಕಲ್ಲಿನಿಂದ ದನಿ ಬರುತ್ತಿತ್ತು. ಉಶ್ಶೋ! ಉಶ್ಶೋ! ಬಟ್ಟೆ ಒಗೆಯುವವರು ಉಸಿರು ಬಿಡುವ ದನಿ ನಿನಗೆ ಗೊತ್ತಲ್ಲ, ಅದೇ. ಅದೂ ಎಂಥ ದನಿ! ಕೆರೆಯ ಆಚೆ ದಡಕ್ಕೆ ಕೇಳುತ್ತಿತ್ತು.

ನೀರಿಗೆ ಬಂದ ಮುದುಕಿಯೊಬ್ಬಳು ಸುಮ್ಮನಿರಲಾರದೆ ಅಂದಳು. "ಕೆಳಗಿನ ಕಲ್ಲಿನವನನ್ನು ನೋಡ್ರೇ, ಮದುವಣಿಗನ ಹಾಗೆ ಒಗೀತಾನೆ! ನಿನಗೇನಾಯ್ತಪ್ಪಾ, ಸತ್ತವರ ಮನೆಯವನ ಹಾಗಿದ್ದೀಯ?"

ಮೇಲಿನ ಕಲ್ಲಿನವನಿಗೆ ಎದೆಯಲ್ಲಿ ಕೆಂಡ ಸುರಿದಂತಾಯಿತು. ಒಂದೇ ಮೆಟ್ಟಿಲಿನ ಮೇಲೆ ಬಿದ್ದವರು ನಾವು. ಅವನಿಗೆ ಈ ಹುರುಪು ಎಲ್ಲಿಂದ ಬಂತು? ಯೋಚಿಸಿದ, ಯೋಚಿಸಿದ. ಕೊನೆಗೆ ಹೊಳೆಯಿತು. ಪಂಡಿತನ ಮನೆಯ ಬಟ್ಟೆ ಒಗೆಯುವವನು ಯಾರು? ಕೆಳಗಿನ ಕಲ್ಲಿನವನೇ ಅಲ್ಲವೇ! ಎಲಾ ಇವನ! ಇವನು ಪಂಡಿತನ ಪಂಚೆ ಬೆಳ್ಳಗೆ ಮಾಡುತ್ತಾನೆ, ಪಂಡಿತ ಇವನ ಗುಳಿಗೆ ದಪ್ಪಗೆ ಮಾಡುತ್ತಾನೆ!

ಅಲ್ಲಿಂದ ಮುಂದೆ ಅವನಿಗೆ ನೋವಿಗಿಂತ ಆ ದನಿಯೇ ಹೆಚ್ಚಾಯಿತು. ಉಣ್ಣಲು ಕೂತರೆ ಉಶ್ಶೋ, ಮಲಗಿದರೆ ಉಶ್ಶೋ. ಹೆಂಡತಿ ಒಲೆ ಊದಿದರೂ ಬೆಚ್ಚಿಬೀಳುತ್ತಿದ್ದ. ಕೆಳಗಿನವನು ಮೊದಲಿನಂತೆ "ಬಾರೋ ತಮ್ಮಾ, ಈ ಕಂಬಳಿಗೆ ಒಂದು ಕೈ ಹಿಡಿ" ಎಂದು ಕರೆದ. ಇವನು "ನಿನಗೇನು ಕಡಿಮೆಯಾಗಿದೆ? ನೀನೇ ಹಿಂಡಿಕೋ" ಎಂದುಬಿಟ್ಟ. ಆಮೇಲೆ ಕೆಳಗಿನವನು ಕರೆಯಲಿಲ್ಲ. ಇವನು ತನ್ನ ಜಮಖಾನದ ತುದಿಯನ್ನು ಒಂದು ಹೊಂಗೆ ಮರಕ್ಕೆ ಕಟ್ಟಿ ಒಬ್ಬನೇ ತಿರುಚಿದ. ಅವನೂ ತನ್ನದನ್ನು ಇನ್ನೊಂದು ಮರಕ್ಕೆ ಕಟ್ಟಿ ತಿರುಚಿದ. ಒಂದೊಂದು ತಿರುವಿಗೂ ಇವನ ಸೊಂಟ ಕಿತ್ತು ಬರುತ್ತಿತ್ತು. ಆದರೂ ಅವನ ಮುಖ ನೋಡುವ ಕರ್ಮ ತಪ್ಪಿತಲ್ಲ ಎಂದು ಇವನಿಗೆ ಸಮಾಧಾನ.

ಕಡೆಗೆ ಒಂದು ಸಂಜೆ ಪಂಡಿತನ ಮನೆಗೆ ಹೋದ.

"ನನಗೆ ಹೆಚ್ಚು ಕೊಡಿ ಎಂದು ಕೇಳಲು ಬಂದಿಲ್ಲ ಸ್ವಾಮಿ. ಅವನದನ್ನು ನಿಲ್ಲಿಸಿ" ಎಂದ.

"ನಿನಗೆಷ್ಟೋ ಅವನಿಗೂ ಅಷ್ಟೇ ಕೊಡುತ್ತಿದ್ದೇನೆ."

"ಹಾಗಾದರೆ ಅವನಿಗೆ ನೋವೇ ಇಲ್ಲ. ಸುಳ್ಳು ಹೇಳಿ ಗುಳಿಗೆ ತಿನ್ನುತ್ತಿದ್ದಾನೆ. ಬೇಕಾದರೆ ಕೆರೆಗೆ ಬಂದು ಅವನ ದನಿ ಕೇಳಿ. ನೋವಿರುವವನ ದನಿಯೇ ಅದು? ನಾಳೆಯಿಂದಲೇ ನಿಲ್ಲಿಸಿಬಿಡಿ."

ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಇವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನೆಂಟರ ಊರಿನ ಆ ಬೆವರು, ಆ ವಾಂತಿ, ಎಲ್ಲ ನೆನಪಿತ್ತು. ಅದೆಲ್ಲ ಅವನಿಗೂ ಆಗಲಿ ಎಂದೇ ಬಂದಿದ್ದ. ತನ್ನ ನೋವು ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ ಎಂದು ತಿಳಿದೂ ಬಂದಿದ್ದ. ಹೊಟ್ಟೆಕಿಚ್ಚು ಅಂದರೆ ಇದೇ ನೋಡು, ಮರುಳಸಿದ್ಧಾ.

ಪಂಡಿತ, "ಆಗಲಿ, ನಾಳೆ ಬರುತ್ತೇನೆ. ನೀನು ಒಗೆಯುವುದನ್ನು ಬಿಟ್ಟು ನನ್ನ ಪಕ್ಕ ನಿಂತಿರು. ಇಬ್ಬರೂ ಕೇಳೋಣ" ಎಂದ.

ಮರುದಿನ ಇಬ್ಬರೂ ಏರಿಯ ಮೇಲೆ, ಹೊಂಗೆ ಮರದ ಮರೆಯಲ್ಲಿ ನಿಂತರು. ಕೆಳಗೆ ಒಬ್ಬನೇ ಒಗೆಯುತ್ತಿದ್ದ. ಉಶ್ಶೋ! ಎಂದು ದನಿ ಬಂತು.

"ಕೇಳಿದಿರಾ?" ಎಂದು ಇವನು ಪಂಡಿತನ ತೋಳು ಹಿಡಿದ. "ಕೇಳಿದಿರಾ ಸ್ವಾಮಿ? ಹೇಗಿದೆ ನೋಡಿ ಅವನ ದೌಲತ್ತು!"

ಪಂಡಿತ ಕಲ್ಲಿನ ಕಡೆ ಕೈ ತೋರಿಸಿದ. ಮತ್ತೆ ದನಿ ಬಂತು. ಇಷ್ಟು ದಿನ ಇವನು ತಾನೂ ಬಟ್ಟೆ ಬಡಿಯುತ್ತ, ಬೆನ್ನು ತಿರುಗಿಸಿಕೊಂಡೇ ಅದನ್ನು ಕೇಳಿದ್ದ. ಕೈ ಖಾಲಿ ಬಿಟ್ಟುಕೊಂಡು, ಕಣ್ಣಿಟ್ಟು ಕೇಳುತ್ತಿರುವುದು ಇದೇ ಮೊದಲು. ಬಟ್ಟೆ ಕಲ್ಲಿಗೆ ಬಿತ್ತು. ಬಿದ್ದಾಗ ದನಿ ಬರಲಿಲ್ಲ. ಇವನು ಹುಬ್ಬು ಗಂಟಿಕ್ಕಿದ. ಹುಟ್ಟಿದಾಗಿನಿಂದ ಕೇಳಿದ ದನಿ ಅದು, ಅಪ್ಪನದು, ಅಜ್ಜನದು, ತನ್ನದು. ಬಟ್ಟೆ ಕಲ್ಲಿಗೆ ಬೀಳುವಾಗ ಉಸಿರು ಹೊರಗೆ ಬರಬೇಕು. ಬಟ್ಟೆ ಎತ್ತುವಾಗ ಯಾರೂ ಕೂಗುವುದಿಲ್ಲ. ಕೆಳಗಿನವನು ನೀರಿಗೆ ಬಗ್ಗಿದ. ಒದ್ದೆ ಬಟ್ಟೆಯನ್ನು ಎತ್ತಲು ಸೊಂಟ ನೆಟ್ಟಗೆ ಮಾಡಿದ. ಆಗ ಬಂತು ಆ ದನಿ. ಬಟ್ಟೆ ಕಲ್ಲಿಗೆ ಬೀಳುವಾಗ ಅವನಲ್ಲಿ ಉಸಿರೇ ಉಳಿದಿರಲಿಲ್ಲ.

ಅದು ಒಗೆಯುವವನ ದನಿಯಾಗಿರಲಿಲ್ಲ. ನರಳುವವನ ದನಿಯಾಗಿತ್ತು.

"ಹೇಳು, ನಿಲ್ಲಿಸಲೇ ಅವನ ಗುಳಿಗೆ?" ಎಂದು ಪಂಡಿತ ಕೇಳಿದ.

ಮೇಲಿನ ಕಲ್ಲಿನವನು ಬೇಡ ಎಂದು ಕೈ ಆಡಿಸಿದ. ಮೆಟ್ಟಿಲು ಇಳಿದುಹೋಗಿ, ಕೆಳಗಿನವನು ಮರಕ್ಕೆ ಕಟ್ಟಿದ್ದ ಕಂಬಳಿಯ ಗಂಟು ಬಿಚ್ಚಿ, ಆ ತುದಿಯನ್ನು ತಾನು ಹಿಡಿದ. ಕೆಳಗಿನವನು ಏನೂ ಕೇಳದೆ ಬಂದು ಈ ತುದಿ ಹಿಡಿದ. ಎದುರುಬದುರು ನಿಂತು ತಿರುಚಿದರು. ಎಷ್ಟೋ ದಿನದ ಮೇಲೆ ಇವನು ಅವನ ಮುಖ ನೋಡಿದ. ಅವನ ಕೆನ್ನೆ ಒಳಗೆ ಹೋಗಿತ್ತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮದುವಣಿಗನಂತೆ, ಮದುವಣಿಗ!

"ಇಷ್ಟು ನೋಯುತ್ತಿದ್ದರೆ ಒಂದು ಮಾತು ಹೇಳಬಾರದಿತ್ತೇ ಅಣ್ಣಾ?" ಎಂದ.

ಕೆಳಗಿನವನು ಕಂಬಳಿಯ ತುದಿ ಬಿಡದೆ ಹೇಳಿದ. "ದಿನವಿಡೀ ಅದನ್ನೇ ಕೂಗಿ ಹೇಳುತ್ತಿದ್ದೆನಲ್ಲೋ ತಮ್ಮಾ. ನೀನು ಒಂದು ಸಲವಾದರೂ ತಿರುಗಿ ನೋಡುತ್ತೀಯೇನೋ ಅಂತಿದ್ದೆ."

ಪಂಡಿತ ಇಬ್ಬರ ಗುಳಿಗೆಯನ್ನೂ ಅಲ್ಲಿಂದ ಇನ್ನಷ್ಟು ನಿಧಾನವಾಗಿ ಇಳಿಸಿದ. ನೋವು ಹೋಯಿತೇ? ಹೋಗಲಿಲ್ಲ. ಯಾರಾದರೂ ಹೋಯಿತು ಎಂದು ಕತೆ ಹೇಳಿದರೆ ನಂಬಬೇಡ. ಆದರೆ ಜಮಖಾನವನ್ನು ಇಬ್ಬರೂ ಕೂಡಿ ಹಿಂಡುತ್ತಿದ್ದರು. ಒಬ್ಬ ಕುಯ್ಯೋ ಎಂದರೆ ಇನ್ನೊಬ್ಬ ಕೈ ಸಡಿಲ ಬಿಡುತ್ತಿದ್ದ. ಮರಕ್ಕೆ ಅಷ್ಟು ತಿಳಿಯುವುದಿಲ್ಲ.

ಕತೆ ಮುಗಿಯಿತು. ಮರುಳಸಿದ್ಧ ಕಂಬಕ್ಕೆ ಒರಗಿಯೇ ನಿಂತಿದ್ದ. ಅವನ ಹೊಟ್ಟೆಯ ಉರಿ ಪೂರ್ತಿ ಆರಿರಲಿಲ್ಲ. ದಾಸೋಹದ ಮನೆಯಿಂದ ತಟ್ಟೆಗಳ ಸದ್ದು, ನಗು ಕೇಳಿಬರುತ್ತಿತ್ತು. ಕದಲದೆ ಕೂತಿದ್ದ ಗುರುಗಳನ್ನು ಅವನು ಮತ್ತೆ ಒಮ್ಮೆ ನೋಡಿದ.

"ಅವನಾದರೂ ಕೂಗುತ್ತಿದ್ದ, ಬುದ್ಧಿ. ಕಿವಿಯಿದ್ದವರು ಕೇಳಿಸಿಕೊಳ್ಳಬಹುದಿತ್ತು" ಎಂದ. "ಕೂಗದೆ, ಕದಲದೆ ನೆಮ್ಮದಿಯಾಗಿ ಕೂತವರನ್ನು ಕಂಡರೆ ಹೊಟ್ಟೆಕಿಚ್ಚು ಪಡಬಾರದೇ?"

ಗುರುಗಳು ಬಲಗೈಯನ್ನು ಅವನ ಕಡೆ ಚಾಚಿದರು.

"ಕೈ ಕೊಡು ಮರಿ, ಗಂಟೆ ಹೊಡೆದಾಗಿನಿಂದ ಏಳಲಾಗದೆ ಕೂತಿದ್ದೇನೆ."