ಭುಜಂಗಯ್ಯನ ವಿನಯ

"ನಮ್ಮ ರಾಜ್ಯದಲ್ಲಿ ಕಳ್ಳ ಅಧಿಕಾರಿ ಒಬ್ಬನೂ ಇಲ್ಲ!" ಎಂದು ಹಿರೇದುರ್ಗದ ದೊರೆ ಚಂದ್ರಪ್ಪನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಅಧಿಕಾರಿಗಳೆಲ್ಲ ತಲೆದೂಗಿದರು. ಕಟ್ಟಡಗಳ ಪಾರುಪತ್ಯಗಾರ ಭುಜಂಗಯ್ಯನಂತೂ ಪೇಟ ಜಾರಿ ಮೂಗಿನ ಮೇಲೆ ಕೂರುವಷ್ಟು ತಲೆದೂಗಿದ.

ದೊರೆಯ ಮಾತನ್ನು ತೆಗೆದುಹಾಕುವಂತೆಯೂ ಇರಲಿಲ್ಲ. ಅಧಿಕಾರಿಯ ಮೇಲೆ ಬಂದ ದೂರನ್ನು ಅದೇ ಅಧಿಕಾರಿ ವಿಚಾರಿಸುವುದು ಅಲ್ಲಿಯ ಪದ್ಧತಿ. ವಿಚಾರಣೆ ಬೇಗ ಮುಗಿಯುತ್ತಿತ್ತು. ಕೆಲವೊಮ್ಮೆ ದೂರು ಕೊಟ್ಟವನೂ ಮುಗಿಯುತ್ತಿದ್ದ.

ಅಂದು ಉದ್ಯೋಗ ಕೇಳಲು ಬಂದ ಹುಡುಗರ ಸಾಲಿನಲ್ಲಿ ಹೊಳೆಯಾಚೆಯ ಗೌಡರ ಮಗಳು ಬೊಮ್ಮಕ್ಕನೂ ನಿಂತಿದ್ದಳು. ದೊರೆಯ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಕೆಮ್ಮು ಹತ್ತಿತು.

"ಏನಮ್ಮ, ನೆಗಡಿಯೇ?" ಎಂದ ದೊರೆ.

"ಧೂಳು ಬುದ್ಧಿ. ಹೊಸ ಸೇತುವೆಯ ಮೇಲೆ ಬಂದೆ."

"ಕಲ್ಲಿನ ಸೇತುವೆಯಲ್ಲಿ ಧೂಳೆಲ್ಲಿಂದ ಬಂತು?"

"ನಮಗೂ ಅದೇ ಆಶ್ಚರ್ಯ. ನಮ್ಮ ಎಮ್ಮೆ ಅದರ ಕಂಬಕ್ಕೆ ಮೈ ತಿಕ್ಕಿದರೆ ಗಾರೆ ಉದುರುತ್ತದೆ. ಹೋಗುವಾಗ ಕಪ್ಪಗಿದ್ದ ಎಮ್ಮೆ ಕೆಂಪಗಾಗಿ ಮನೆಗೆ ಬರುತ್ತದೆ. ಒಳಗಿರುವುದು ಬರೀ ಕೆಮ್ಮಣ್ಣು ಬುದ್ಧಿ. ಮಳೆ ಹಿಡಿದು ಹೊಳೆ ತುಂಬಿದರೆ ಸೇತುವೆಯ ಜೊತೆಗೆ ಜನರೂ ಕೊಚ್ಚಿಹೋಗುತ್ತಾರೆ."

ಭುಜಂಗಯ್ಯ ಪೇಟ ಸರಿಮಾಡಿಕೊಂಡ. "ದೂರು ಕೊಡಲಿ ಮಹಾಪ್ರಭು. ನಾನೇ ಕೂತು ವಿಚಾರಿಸುತ್ತೇನೆ."

ದೊರೆಗೆ ಸಿಟ್ಟು ಬಂತು. "ಈ ಕಾಲದ ಹುಡುಗರಿಗೆ ಸೇವೆ ಬೇಡ, ತಕರಾರು ಬೇಕು!"

"ಸೇವೆಗೆಂದೇ ಮನೆ ಬಿಟ್ಟೆ ಬುದ್ಧಿ. ತಕರಾರು ದಾರಿಯಲ್ಲಿ ಸಿಕ್ಕಿತು."

"ಬಾಯಿ ಜೋರಿದೆ! ಸರಿ, ಕೇಳು. ನೀನು ದೂರು ಹೇಳಕೂಡದು, ಸಾಕ್ಷಿ ಕರೆಯಕೂಡದು. ತಪ್ಪು ಅವನ ಬಾಯಿಂದಲೇ ಹೊರಬರಬೇಕು. ಬಂದರೆ ನಿನಗೆ ಉದ್ಯೋಗ. ಬರದಿದ್ದರೆ ನೀನು, ನಿನ್ನಪ್ಪ, ನಿನ್ನ ಎಮ್ಮೆ, ಮೂವರೂ ಗಡಿಯಾಚೆಗೆ!"

ಬೊಮ್ಮಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಕೈಮುಗಿದು ಕೇಳಿದಳು. "ಹೊಗಳಬಹುದೇ ಬುದ್ಧಿ?"

"ಎಷ್ಟು ಬೇಕಾದರೂ ಹೊಗಳು!"

"ಹಾಗಾದರೆ ಇಂಥ ಸೇತುವೆ ಕಟ್ಟಿಸಿದವರಿಗೆ ಒಂದು ಸನ್ಮಾನವೂ ಆಗಿಲ್ಲವಲ್ಲ! ಪಾರುಪತ್ಯಗಾರರನ್ನು ಪಟ್ಟದಾನೆಯ ಮೇಲೆ ಕೂರಿಸಿ, ಆ ಸೇತುವೆಯ ಮೇಲೆಯೇ ಮೆರವಣಿಗೆ ಮಾಡಿಸಿ."

ಸಭೆ ಭಲೆ ಭಲೆ ಎಂದಿತು. ತಲೆದೂಗದೆ ಉಳಿದವನು ಭುಜಂಗಯ್ಯ ಒಬ್ಬನೇ.

ಮರುದಿನ ಹೊಳೆಯ ದಡದಲ್ಲಿ ಡೊಳ್ಳು, ಕಹಳೆ, ಜನವೋ ಜನ. ಬೊಮ್ಮಕ್ಕ ಮೊದಲೇ ಮಾವುತನ ಕಿವಿಯಲ್ಲಿ, "ಅಣ್ಣಾ, ಆನೆ ಕಾಲೆತ್ತಿದರೆ ಸಾಕು, ಸೇತುವೆಯ ಮೇಲೆ ಇಡಿಸಬೇಡ" ಎಂದು ಹೇಳಿಟ್ಟಿದ್ದಳು.

"ಹತ್ತಯ್ಯ!" ಎಂದ ದೊರೆ.

"ಅಯ್ಯೋ, ಆನೆ ತಮ್ಮ ವಾಹನ ಮಹಾಪ್ರಭು. ನಾನು ಕಾಲಿನ ಧೂಳು."

"ಎಂಥ ವಿನಯ!" ಎಂದಳು ಬೊಮ್ಮಕ್ಕ. "ಕುದುರೆ ತರಿಸಲೇ?"

"ಕುದುರೆಯೂ ದೊಡ್ಡದಾಯಿತಮ್ಮ."

"ಪಲ್ಲಕ್ಕಿ?"

"ಬೋವಿಗಳ ಹೆಗಲು ನೋಯಿಸಲೇ? ನನ್ನಿಂದಾಗದು."

"ಹಾಗಾದರೆ ನಡೆದೇ ದಾಟಿ. ಹಿಂದೆ ಡೊಳ್ಳಿನವರು ಬರುತ್ತಾರೆ."

"ಡೊಳ್ಳಿನವರೇ? ಅಷ್ಟು ಜನವೇ?" ಭುಜಂಗಯ್ಯ ಬೆವರು ಒರೆಸಿಕೊಂಡ. "ಇಲ್ಲೇ ನೆರಳಿನಲ್ಲಿ ಒಂದು ಹಾರ ಹಾಕಿಬಿಡಿ, ಸಾಕು."

ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟು, ಮೈತುಂಬ ಒಡವೆ ಹೇರಿಕೊಂಡು ಬಂದಿದ್ದ ಅವನ ಹೆಂಡತಿ ಪದ್ಮಾವತಮ್ಮನಿಗೆ ತಡೆಯದಾಯಿತು. "ನಿಮಗೆ ಬೇಡವಾದರೆ ಬಿಡಿ. ಆನೆ ಏರುವ ಯೋಗ ಮನೆಬಾಗಿಲಿಗೆ ಬಂದಾಗ ನಾನೇಕೆ ಬಿಡಲಿ?" ಎಂದು ಏಣಿ ಹತ್ತಿ ಅಂಬಾರಿಯಲ್ಲಿ ಕೂತೇಬಿಟ್ಟಳು.

ಡೊಳ್ಳು ಬಡಿಯಿತು. ಆನೆ ಸೇತುವೆಯ ಬಾಯಿಗೆ ಬಂದು ಕಾಲೆತ್ತಿತು.

"ನಿಲ್ಲಿಸೋ!" ಭುಜಂಗಯ್ಯ ಎರಡೂ ಕೈ ಚಾಚಿ ಓಡಿದ. "ಇಳಿಯೇ ಮಾರಾಯ್ತಿ! ಒಳಗೆ ಮಣ್ಣು ತುಂಬಿಸಿದ್ದೇನೆ ಕಣೇ, ಕುಸಿಯುತ್ತೆ!"

ಡೊಳ್ಳು ನಿಂತಿತು. ಆನೆಯೂ ನಿಂತಿತು. ಮೇಲಿನಿಂದ ಪದ್ಮಾವತಮ್ಮನ ದನಿ ಮಾತ್ರ ನಿಲ್ಲಲಿಲ್ಲ. "ಮಣ್ಣೇ? ಮತ್ತೆ ನಮ್ಮ ಮಹಡಿಗೆ ಬಂದ ಕಲ್ಲು ಸೇತುವೆ ಕಟ್ಟಿ ಮಿಕ್ಕಿದ್ದು ಅಂದಿದ್ದಿರಲ್ರೀ!"

ದೊರೆ ಹಲ್ಲು ಕಡಿದ. "ಇಷ್ಟು ದಿನ ಇದರ ಮೇಲೆ ಜನ ಓಡಾಡಿದರಲ್ಲೋ!"

"ಜನ ಓಡಾಡಬಹುದು ಮಹಾಪ್ರಭು, ತೊಂದರೆಯಿಲ್ಲ," ಎಂದು ಭುಜಂಗಯ್ಯ ತೊದಲಿದ. "ಅವರು ಹಗುರ."

"ಅದಂತೂ ನಿಜ ಬುದ್ಧಿ," ಎಂದಳು ಬೊಮ್ಮಕ್ಕ. "ಒಂದೇ ಸೇತುವೆಗೆ ಮೂರು ಸಲ ತೆರಿಗೆ ಕೊಟ್ಟವರ ಮೈಯಲ್ಲಿ ತೂಕ ಎಲ್ಲಿ ಉಳಿಯಬೇಕು?"

ದೊರೆಗೆ ನಾಚಿಕೆಯಾಯಿತು. ಅದು ಯಾರಿಗೂ ಕಾಣದಿರಲೆಂದು ಗಹಗಹಿಸಿ ನಕ್ಕ. ನಗು ಮುಗಿದ ಮೇಲೆ, "ಇವನನ್ನು ಸೆರೆಗೆ ತಳ್ಳಿ!" ಎಂದ.

"ಸೆರೆಯಲ್ಲಿ ಕೂತು ಉಂಡರೆ ನಮಗೆ ಸೇತುವೆ ಯಾರು ಕಟ್ಟಿಕೊಡುತ್ತಾರೆ ಬುದ್ಧಿ? ಮಹಡಿ ಕೆಡವಿ, ಆ ಕಲ್ಲಿನಲ್ಲೇ ಹೊಸದಾಗಿ ಕಟ್ಟಿಸಲಿ. ಆಮೇಲೆ ಅವರಿಗೆ ಹೊಳೆಯಾಚೆ ಮನೆ ಕೊಡಿ, ಕೆಲಸ ಈಚೆ ಕೊಡಿ. ಹೆಂಡತಿ ಮಕ್ಕಳ ಜೊತೆ ದಿನವೂ ದಾಟಲಿ. ಆಗ ನೋಡಿ, ಒಂದು ಕಲ್ಲೂ ಅಲ್ಲಾಡುವುದಿಲ್ಲ."

"ಹಾಗೇ ಆಗಲಿ. ನಿನಗೆ ಕೊಟ್ಟ ಮಾತೂ ನಡೆಯಲಿ. ಇನ್ನು ಮೇಲೆ ಅಧಿಕಾರಿಗಳ ಮೇಲಿನ ದೂರನ್ನೆಲ್ಲ ನೀನೇ ವಿಚಾರಿಸು."

"ಆಗಲಿ ಬುದ್ಧಿ. ನನ್ನ ಮೇಲೆ ಬಂದ ದೂರನ್ನು ಮಾತ್ರ ನನ್ನ ಕೈಗೆ ಕೊಡಬೇಡಿ."

ದೊರೆ ತನ್ನ ಕೊರಳ ಹಾರವನ್ನೇ ತೆಗೆದು ಅವಳಿಗೆ ಕೊಟ್ಟ. "ಮೊದಲು ಯಾರ ವಿಚಾರಣೆ?"

"ವಿಚಾರಣೆ ಯಾಕೆ ಬುದ್ಧಿ, ಇನ್ನೊಂದು ಸನ್ಮಾನವನ್ನೇ ಮಾಡೋಣ. ಉಗ್ರಾಣದ ಅಧಿಕಾರಿಗಳು ಬಡವರಿಗೆ ಅಳೆದುಕೊಡುವ ರಾಗಿಯಲ್ಲೇ ಮುದ್ದೆ ತಿರುವಿ, ಎಲೆ ಹಾಕಿ, ಅವರಿಗೆ ಹೊಟ್ಟೆತುಂಬ ಬಡಿಸೋಣ."

ಗುಂಪಿನ ಹಿಂದಿನಿಂದ ಉಗ್ರಾಣದ ಅಧಿಕಾರಿ ಕೈಮುಗಿದುಕೊಂಡೇ ಓಡಿಬಂದ.

"ನನಗೆ ಉಪವಾಸ ತಾಯೀ! ಇವತ್ತೊಂದೇ ದಿನವಲ್ಲ, ವರ್ಷವಿಡೀ!"