ಗೇಣವ್ವನ ಕಟ್ಟೆ

ಎರೆಕುಪ್ಪ ಪಟ್ಟಣದ ಬಸ್ ನಿಲ್ದಾಣದಿಂದ ಕೆರೆಯ ಕಡೆಗೆ ನಡೆದರೆ, ಏರಿ ಮುಗಿಯುವಲ್ಲಿ ನಾಲ್ಕು ಕಂಬದ ಒಂದು ಮಂಟಪ ಸಿಗುತ್ತದೆ. ಅದಕ್ಕೆ ಗೇಣವ್ವನ ಕಟ್ಟೆ ಎಂದು ಹೆಸರು. ಮಂಟಪದ ನಡುವೆ ಎದೆಮಟ್ಟದ ಕರಿಕಲ್ಲಿನ ಪೀಠವಿದೆ. ಆನೆಯನ್ನು ತಂದು ನಿಲ್ಲಿಸಿದರೂ ತಡೆದೀತು. ಅದರ ಮೇಲೆ ನಿಂತಿರುವುದು ಮಾತ್ರ ಒಂದೇ ಗೇಣು ಎತ್ತರದ ಹೆಣ್ಣಿನ ವಿಗ್ರಹ. ಕಾಲೇಜಿನ ಹುಡುಗರು ಬಂದು ಬೆರಳು ಚಾಚಿ ಅಳೆಯುತ್ತಾರೆ, ಸರಿಯಾಗಿ ಗೇಣೇ ಬಂದಿತೆಂದು ನಗುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೂವತ್ತೆರಡು ವರ್ಷ ಇದೇ ಊರಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ಆ ನಗು ಕೇಳಿದಾಗಲೆಲ್ಲ ಅಲ್ಲಿಂದ ಎದ್ದು ನಡೆದುಬಿಡುತ್ತೇನೆ. ಅವರದೇನೂ ತಪ್ಪಿಲ್ಲ. ಕಥೆ ಗೊತ್ತಿಲ್ಲದವನಿಗೆ ಅದು ನಗು ಬರುವಂಥ ನೋಟವೇ.

ಹಿಂದೆ ಒಮ್ಮೆ, ಎರೆಕುಪ್ಪ ಹನ್ನೆರಡು ಕೇರಿಗಳ ದೊಡ್ಡ ಪಟ್ಟಣವಾಗಿದ್ದಾಗ, ಅಲ್ಲಿಗೆ ವಾಂತಿಭೇದಿಯ ಮಾರಿಬೇನೆ ಬಂದಿತಂತೆ. ಬೇನೆ ಬಿದ್ದವರನ್ನು ಕೆರೆಯ ಆಚೆ ದಡದಲ್ಲಿ ಗುಡಿಸಲು ಹಾಕಿ ಬಿಟ್ಟುಬಂದರು. ಹೆತ್ತವರೂ ಅತ್ತ ಸುಳಿಯದ ಆ ದಿನಗಳಲ್ಲಿ, ಕಲ್ಲುಕುಟಿಗರ ಮನೆಯ ಒಬ್ಬ ಹೆಣ್ಣುಮಗಳು ದಿನವೂ ಕೊಡ ಹೊತ್ತು ಹೋಗಿ, ಒಬ್ಬೊಬ್ಬರ ಬಾಯಿಗೂ ನೀರು ಹನಿಸಿದಳು. ಎಷ್ಟೋ ಜನ ಆ ನೀರಿನಿಂದಲೇ ಎದ್ದು ಕೂತರು. ಕೊನೆಗೆ ಅದೇ ಬೇನೆಯಲ್ಲಿ ಅವಳು ತೀರಿಕೊಂಡಳು. ಆಗ ಅವಳ ಮಗ ಬಾಚೋಜನಿಗೆ ಹತ್ತು ವರ್ಷ.

ಇಪ್ಪತ್ತು ವರ್ಷ ಕಳೆದ ಮೇಲೆ ಹನ್ನೆರಡು ಕೇರಿಯ ಹಿರಿಯರು ಸಭೆ ಸೇರಿ, ಆ ತಾಯಿಯ ವಿಗ್ರಹವನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ರಾಜಧಾನಿಯಿಂದ ಹೆಸರಾಂತ ಶಿಲ್ಪಿಯನ್ನು ಕರೆಸೋಣವೆಂದು ಒಬ್ಬರು ಎಂದಾಗ, ಸಭೆಯ ಮುಖ್ಯಸ್ಥನಾದ ಪಟ್ಟಣಶೆಟ್ಟಿ ಬಮ್ಮಿಶೆಟ್ಟಿ ಒಪ್ಪಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅನ್ನೂ ಮಾತು ನಮ್ಮೂರಿಗೆ ಬ್ಯಾಡ. ಆಕಿ ಮಗಾನ ಕೆತ್ತಲಿ" ಎಂದ. ಬೇನೆಯ ಕಾಲದಲ್ಲಿ ಅವಳ ಕೈಯಿಂದ ನೀರು ಕುಡಿದು ಬದುಕಿದವರಲ್ಲಿ ಅವನೂ ಒಬ್ಬ. ಅಷ್ಟರಲ್ಲಿ ಮನೆತನದ ಉಳಿ ಹಿಡಿದು ಪಳಗಿದ್ದ ಬಾಚೋಜನಿಗೆ ಸಭೆ ಏರಿಯ ಪಕ್ಕದಲ್ಲಿ ಮನೆ ಕೊಟ್ಟಿತು. ತಿಂಗಳಿಗೊಂದು ಕೇರಿಯಂತೆ ಜೋಳ, ಎಣ್ಣೆ, ಬಟ್ಟೆ ಕಳಿಸಿತು. ಆಳೆತ್ತರದ, ಒಂದೇ ಒಂದು ಸೀಳಿಲ್ಲದ ಕಲ್ಲನ್ನು ದೂರದ ಗುಡ್ಡದಿಂದ ಎಳೆಸಿ ತಂದು, ಪೂಜೆ ಮಾಡಿ ಒಪ್ಪಿಸಿತು. ಪೂಜೆಯಾದ ಕಲ್ಲನ್ನು ಬದಲಿಸುವಂತಿಲ್ಲ. ಹನ್ನೆರಡು ಕೇರಿಯ ಹಿರಿಯರೂ ನೋಡಿ, ಮೆಚ್ಚಿ, ಒಬ್ಬೊಬ್ಬರೂ ವೀಳ್ಯ ಇಟ್ಟರೆ ಮಾತ್ರ ವಿಗ್ರಹ ಪೀಠ ಏರಬೇಕು ಎಂಬುದು ಕಟ್ಟಳೆ. ಕಲೆಗಾರನನ್ನು ಇಷ್ಟು ಅಕ್ಕರೆಯಿಂದ ಸಾಕಿದ ಊರು ಸೀಮೆಯಲ್ಲೇ ಇರಲಿಲ್ಲ ಎನ್ನುತ್ತಾರೆ. ನಾನೂ ಅದನ್ನು ನಂಬುತ್ತೇನೆ.

ಬಾಚೋಜನಿಗೆ ಬೇಕಾಗಿದ್ದುದು ಒಂದೇ. ತಾಯಿಯ ಮುಖ ಅವನ ಮನಸ್ಸಿನಲ್ಲಿ ವರ್ಷ ವರ್ಷಕ್ಕೂ ಮಸುಕಾಗುತ್ತಿತ್ತು. ಪೂರ್ತಿ ಅಳಿಸಿಹೋಗುವ ಮೊದಲು ಅದು ಕಲ್ಲಿನಲ್ಲಿ ಉಳಿಯಬೇಕಾಗಿತ್ತು. ಎರಡು ವರ್ಷ ಕೆತ್ತಿ ಅವನು ಮೊದಲ ಸಲ ತೆರೆ ಸರಿಸಿದಾಗ, ಸೊಂಟದಲ್ಲಿ ಕೊಡವಿಟ್ಟು ಬಾಗಿ, ಕಾಲ ಬಳಿ ಬೊಗಸೆಯೊಡ್ಡಿದ ಗಂಡಸಿಗೆ ನೀರೆರೆಯುತ್ತಿರುವ, ದಣಿದ ಮುಖದ ಹೆಂಗಸು ಅಲ್ಲಿದ್ದಳು. ಮುದುಕಿಯರು ಕಂಡೊಡನೆ ಗುರುತು ಹಿಡಿದು ಗಟ್ಟಿಯಾಗಿ ಅತ್ತುಬಿಟ್ಟರು. ಹನ್ನೊಂದು ವೀಳ್ಯ ಬಿದ್ದವು. ಬಮ್ಮಿಶೆಟ್ಟಿ ಮಾತ್ರ ಕೈ ಹಿಂದಕ್ಕೆ ತೆಗೆದ. ಆ ಬೊಗಸೆಯೊಡ್ಡಿದವನು ತಾನೇ ಎಂದು ಊರೆಲ್ಲ ಬೆರಳು ತೋರಿಸೀತು ಎಂದು ಅವನಿಗೆ ನಾಚಿಕೆಯಾಗಿತ್ತು. "ಎಲ್ಲಾ ಚಲೋ ಅದ, ಬಾಚಣ್ಣ. ಕಾಲಾಗಿನ ಆ ಗಂಡಸನ್ನಷ್ಟು ತೆಗೆದುಬಿಡು" ಎಂದ.

ಬಾಚೋಜ ತೆಗೆದ. ಕುಡಿಯುವವನಿಲ್ಲದ ಮೇಲೆ ನೀರೆರೆಯುವ ಕೈಗೆ ಅರ್ಥವೇನು ಎಂದು ಮುಂದಿನ ಸಭೆಯಲ್ಲಿ ಇನ್ನೊಬ್ಬ ಹಿರಿಯ ಕೇಳಿದ. ಆ ಕೈಯನ್ನು ಮಡಿಸಬೇಕಾಯಿತು. ಕೈ ಮಡಿಸಿದ ಮೇಲೆ ಬಾಗಿದ ಬೆನ್ನು ಊರಿನ ಮರ್ಯಾದೆಗೆ ತಕ್ಕುದಲ್ಲ ಎನಿಸಿತು. ಗಾಣಿಗರ ಕೇರಿಯವರು ದೀಪ ಬೇಕೆಂದರು, ನೇಕಾರರು ಸೀರೆಗೆ ಅಂಚು ಬೇಕೆಂದರು, ಅಕ್ಕಸಾಲಿಗರು ಬರಿಗೊರಳು ಅಮಂಗಳ, ಸರವಿರಲಿ ಎಂದರು. ದಣಿದ ಮುಖ ನೋಡುವವರಿಗೆ ಶುಭವಲ್ಲ, ನಗಿಸು ಎಂದ ಮತ್ತೊಬ್ಬ. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಬಡಗಿ ತಪ್ಪಿದರೆ ತೇಪೆ ಹಾಕಿಯಾನು, ಕುಂಬಾರ ತಪ್ಪಿದರೆ ಮಣ್ಣನ್ನು ಮತ್ತೆ ನಾದಿಯಾನು; ಕಲ್ಲಿನ ಕೆಲಸದಲ್ಲಿ ಕಳೆಯುವುದಿದೆಯೇ ಹೊರತು ಕೂಡಿಸುವುದಿಲ್ಲ. ಕೊರಳಿಗೆ ಸರ ಬರಬೇಕಾದರೆ ಕೊರಳೇ ಒಳಗೆ ಹೋಗಬೇಕು. ಒಂದೊಂದು ತಿದ್ದುಪಡಿಗೂ ಬಾಚೋಜ ಹಳೆಯ ಮೈಯನ್ನು ಹೊಡೆದುಹಾಕಿ, ಅದರೊಳಗಿನಿಂದ ಇನ್ನೊಂದು ಸಣ್ಣ ಮೈಯನ್ನು ತೆಗೆಯಬೇಕಾಗಿತ್ತು. ತಾಯಿ ಸೊಂಟದೆತ್ತರಕ್ಕೆ ಇಳಿದಳು, ಆಮೇಲೆ ಮೊಣಕಾಲೆತ್ತರಕ್ಕೆ. ಆಗುವುದಿಲ್ಲ ಎಂದು ಅವನು ಯಾಕೆ ಹೇಳಲಿಲ್ಲವೆಂದು ನೀವು ಕೇಳಬಹುದು. ನೆರೆಯವರು ಕೇಳಿದಾಗ, "ಅವರ ಜೋಳಾ ಉಂಡೇನಿ. ಉಂಡ ಮನಿ ಜಂತಿ ಎಣಸಬಾರದು" ಎಂದನಂತೆ. ನನಗೆ ಇಲ್ಲಿ ಸಿಟ್ಟು ಬರುತ್ತದೆ. ಹಿರಿಯರ ಮೇಲೋ ಅವನ ಮೇಲೋ ಹೇಳಲಾರೆ.

ಒಂಬತ್ತನೆಯ ವರ್ಷ ವಿಗ್ರಹ ಗೇಣಿಗೆ ಬಂದು ನಿಂತಿತು. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹನ್ನೊಂದು ಮಂದಿ ಸಂತೋಷದಿಂದ ವೀಳ್ಯ ಇಟ್ಟರು. ಬಮ್ಮಿಶೆಟ್ಟಿಗೆ ಅಷ್ಟರಲ್ಲಿ ತೀರಾ ಮುಪ್ಪಾಗಿತ್ತು. ವಿಗ್ರಹದ ಹತ್ತಿರ ಕೂತು, ಬಗ್ಗಿ, ಬಹಳ ಹೊತ್ತು ಆ ನಗುಮುಖವನ್ನು ನೋಡಿದ. ತನ್ನ ಬಾಯಿಗೆ ನೀರು ಹನಿಸಿದವಳನ್ನು ಸಾಯುವ ಮುಂಚೆ ಒಮ್ಮೆ ಕಾಣಬೇಕೆಂದೇ ಅವನು ಅಂದು ಡೋಲಿಯಲ್ಲಿ ಬಂದಿದ್ದ. ಆಮೇಲೆ ತಲೆಯೆತ್ತಿ, "ಯಾರೋ ಈಕಿ?" ಎಂದು ಕೇಳಿದ.

ಬಾಚೋಜನೂ ಬಗ್ಗಿ ನೋಡಿದ. ಅವನಿಗೂ ಗುರುತು ಸಿಗಲಿಲ್ಲ. ಮೊದಲಿನ ಮುಖವನ್ನು ನೆನೆಸಿಕೊಳ್ಳಲು ಕಣ್ಣು ಮುಚ್ಚಿದರೆ, ಆ ಒಂಬತ್ತು ವರ್ಷ ತಾನೇ ಕೆತ್ತಿ ಕೆತ್ತಿ ಹಾಕಿದ ಮುಖಗಳೇ ಅಡ್ಡ ಬರುತ್ತಿದ್ದವು. "ನೀವು ಹನ್ನೆರಡು ಮಂದಿ ಕೂಡಿ ಹಡದಾಕಿ, ಶೆಟ್ಟರ. ನನ್ನ ಹಡದಾಕಿ ಅಲ್ಲ" ಎಂದವನೇ ಉಳಿಯನ್ನು ಕೆರೆಗೆ ಎಸೆದು, ಏರಿಯಿಳಿದು ಹೊರಟುಹೋದ. ಮತ್ತೆ ಅವನನ್ನು ಕಂಡವರಿಲ್ಲ. ಬಮ್ಮಿಶೆಟ್ಟಿಯ ಕೈಯಲ್ಲಿದ್ದ ವೀಳ್ಯ ಕೈಯಲ್ಲೇ ಬಾಡಿತು ಎನ್ನುತ್ತಾರೆ. ಅವನು ತೀರಿಕೊಂಡ ಮೇಲೆ ಉಳಿದ ಹನ್ನೊಂದು ಮಂದಿ ಕಟ್ಟಳೆ ಬದಿಗಿಟ್ಟು ವಿಗ್ರಹವನ್ನು ಪೀಠಕ್ಕೇರಿಸಿದರು.

ಈಗ ಹೋದವರಿಗೆ ಕಟ್ಟೆಯ ಸುತ್ತ ನಗರಸಭೆಯವರು ಹಾಕಿಸಿದ ಕಬ್ಬಿಣದ ಬೇಲಿ, ಎರಡು ಸಿಮೆಂಟ್ ಬೆಂಚು ಕಾಣುತ್ತವೆ. ಪೀಠದ ಮುಂಭಾಗದಲ್ಲಿ ಹನ್ನೆರಡು ಮಂದಿ ಹಿರಿಯರ ಹೆಸರುಗಳಿವೆ. ಕಲ್ಲು ತಂದ ವರ್ಷವೇ ಕೆತ್ತಿಸಿದ್ದು, ಇಂದಿಗೂ ಒಂದಕ್ಷರ ಸವೆದಿಲ್ಲ. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ನುಣ್ಣಗೆ ಉಳಿದಿದೆ. ಆ ತಾಯಿಯ ಹೆಸರನ್ನು, ಎಲ್ಲರ ಒಪ್ಪಿಗೆಯಾದ ಮೇಲೆ, ಮಗ ಅಲ್ಲಿ ಕೆತ್ತಬೇಕಾಗಿತ್ತು. ಬರಬರುತ್ತ ಹೆಸರು ಮರೆತ ಜನ ಅಳತೆಯಿಂದಲೇ ಗೇಣವ್ವ ಎಂದು ಕರೆದರು. ನಾನು ಸುತ್ತಲಿನ ಊರುಗಳ ಮುದುಕ ಮುದುಕಿಯರನ್ನೆಲ್ಲ ಕೇಳಿ ನೋಡಿದ್ದೇನೆ. ಅವಳ ಹೆಸರು ಯಾರಿಗೂ ಗೊತ್ತಿಲ್ಲ.